ಐರ್ಲೆಂಡಿನ ಸಣ್ಣ ಹಳ್ಳಿಯ ಇತಿಹಾಸ ಹುಡುಕುವುದು ಹೇಗೆ? ಗ್ಲೆನ್‌ಕೊಲಂಕಿಲ್‌ನ ಉದಾಹರಣೆ

ಪ್ರಶ್ನೆ: ನಾವು ಐರ್ಲೆಂಡಿನ ಡೊನೆಗಾಲ್ ಕೌಂಟಿಯ ಲೆಟರ್‌ಕೆನಿಯಲ್ಲಿದ್ದೇವೆ. ಮಗಳಿಗೆ ಶಾಲೆಯಲ್ಲಿ ‘ಒಂದು ಸಣ್ಣ ಹಳ್ಳಿಯ ಇತಿಹಾಸ ಮತ್ತು ಜನಜೀವನ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅವಳು ಗ್ಲೆನ್‌ಕೊಲಂಕಿಲ್ ಆರಿಸಿಕೊಂಡಿದ್ದಾಳೆ. ಹೋಗಿ ನೋಡಿದರೆ ಒಂದು ಬೀದಿ, ಚರ್ಚು, ಅಂಗಡಿ, ಪಬ್ಬು ಬಿಟ್ಟರೆ ಹಳ್ಳಿ ಎಲ್ಲಿದೆ ಎಂದೇ ತಿಳಿಯಲಿಲ್ಲ. ಅಂತರ್ಜಾಲದಲ್ಲಿ ಸಂತ ಕೊಲಂಬನ ಕಥೆ, ಊರನ್ನು ಉಳಿಸಿದ ಪಾದ್ರಿಯ ಕಥೆ, ಈ ಎರಡೇ ಮತ್ತೆ ಮತ್ತೆ ಬರುತ್ತವೆ. ಎಲ್ಲಿಂದ ಶುರು ಮಾಡಬೇಕು? ಯಾವ ದಾಖಲೆಯನ್ನು ಎಷ್ಟು ನಂಬಬಹುದು?

ಉತ್ತರ: ನೀವು ನೋಡಿದ ಆ ಬೀದಿಯ ಹೆಸರು ಕ್ಯಾಶಲ್. ಅದು ಗ್ಲೆನ್‌ಕೊಲಂಕಿಲ್‌ನ ಒಂದು ತುಣುಕು ಮಾತ್ರ. ಐರ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಹಳ್ಳಿ ಎಂದರೆ ಮನೆಗಳ ಗುಂಪು ಎಂದುಕೊಂಡು ಹುಡುಕಿದವರಿಗೆಲ್ಲ ಇದೇ ಗೊಂದಲ. ಅಲ್ಲಿ ಊರು ಹರಡಿಕೊಂಡಿರುವುದು ನೆಲದ ಮೇಲೆ, ಟೌನ್‌ಲ್ಯಾಂಡ್ ಎಂಬ ತುಂಡುಗಳಾಗಿ. ಟೌನ್‌ಲ್ಯಾಂಡ್ ಎಂದರೆ ಹೆಸರು ಮತ್ತು ಗಡಿ ಇರುವ ಅತಿ ಚಿಕ್ಕ ಭೂವಿಭಾಗ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಹೆಚ್ಚಿವೆ. ಒಂದೊಂದು ಸರಾಸರಿ ಮುನ್ನೂರು ಚಿಲ್ಲರೆ ಎಕರೆ; ಗುಡ್ಡಗಾಡಿನಲ್ಲಿ ಸಾವಿರ ಎಕರೆ ಮೀರಿದವೂ ಉಂಟು. ಹೆಸರಿನಲ್ಲಿ ‘ಟೌನ್’ ಇದ್ದರೂ ಎಷ್ಟೋ ಟೌನ್‌ಲ್ಯಾಂಡ್‌ಗಳಲ್ಲಿ ಈಗ ಒಂದು ಮನೆಯೂ ಇಲ್ಲ. ಹಲವು ಟೌನ್‌ಲ್ಯಾಂಡ್ ಸೇರಿ ಒಂದು ಸಿವಿಲ್ ಪ್ಯಾರಿಷ್, ಹಲವು ಪ್ಯಾರಿಷ್ ಸೇರಿ ಒಂದು ಬ್ಯಾರನಿ, ಆಮೇಲೆ ಕೌಂಟಿ. ಗ್ಲೆನ್‌ಕೊಲಂಕಿಲ್ ಇರುವುದು ಬ್ಯಾನಾ ಬ್ಯಾರನಿಯಲ್ಲಿ.

ಹಾಗಾಗಿ ಮೊದಲ ಕೆಲಸ ಟೌನ್‌ಲ್ಯಾಂಡ್‌ಗಳ ಪಟ್ಟಿ. ಕ್ಯಾಶಲ್, ಮಾಲಿನ್ ಮೋರ್, ಮಾಲಿನ್ ಬೆಗ್, ಫ್ಯಾರನ್‌ಮ್ಯಾಕ್‌ಬ್ರೈಡ್, ಪೋರ್ಟ್ ಹೀಗೆ ಒಂದು ದೊಡ್ಡ ಹಾಳೆಯ ಎಡಬದಿಯಲ್ಲಿ ಸಾಲಾಗಿ ಬರೆದುಕೊಳ್ಳಲಿ. ಮುಂದೆ ಸಿಗುವ ಪ್ರತಿಯೊಂದು ಸಂಗತಿಯೂ, ಅದು ಗೇಣಿದಾರನ ಹೆಸರಿರಲಿ, ಮನೆಯ ಕಿಟಕಿ ಇರಲಿ, ಹಾಡು ಕಥೆ ಇರಲಿ, ಈ ಪಟ್ಟಿಯ ಯಾವುದಾದರೂ ಒಂದು ಸಾಲಿಗೆ ಸೇರಲೇಬೇಕು. ಸೇರದಿದ್ದರೆ ಅದು ಬೇರೆ ಊರಿನದ್ದಾಗಿರುವ ಸಾಧ್ಯತೆಯೇ ಹೆಚ್ಚು. ಡೊನೆಗಾಲ್‌ನಲ್ಲೇ ಬಹಳ ದೂರ ಉತ್ತರದಲ್ಲಿ ಮಾಲಿನ್ ಹೆಡ್ ಎಂಬ ಪ್ರಸಿದ್ಧ ಜಾಗವಿದೆ. ನಮ್ಮ ಮಾಲಿನ್ ಬೆಗ್‌ಗೂ ಅದಕ್ಕೂ ಏನೂ ಸಂಬಂಧವಿಲ್ಲ, ಆದರೆ ಹುಡುಕಾಟದಲ್ಲಿ ಎರಡೂ ಕಲಸಿಹೋಗುತ್ತವೆ.

ಹೆಸರಿನ ಕಾಗುಣಿತ ಇನ್ನೊಂದು ಗುಂಡಿ. ಇಂಗ್ಲಿಷ್ ಅಕ್ಷರಗಳಲ್ಲಿ ಈ ಊರನ್ನು ನಡುವೆ ‘ಬಿ’, ‘ಕೆ’ ಇಟ್ಟು ಉದ್ದವಾಗಿ ಬರೆಯುತ್ತಾರೆ, ಅವನ್ನು ಬಿಟ್ಟು ಚಿಕ್ಕದಾಗಿಯೂ ಬರೆಯುತ್ತಾರೆ. ಐರಿಷ್ ಭಾಷೆಯ ರೂಪದಲ್ಲಿ ಮೂರು ಪದ. ಇದು ಗೇಲ್‌ಟಾಕ್ಟ್, ಅಂದರೆ ಐರಿಷ್ ಮಾತಾಡುವ ಪ್ರದೇಶ. 2005ರಿಂದ ಇಲ್ಲಿನ ರಸ್ತೆ ಫಲಕಗಳಲ್ಲಿ ಐರಿಷ್ ಹೆಸರಷ್ಟೇ ಇದೆ. ಹಳೆಯ ದಾಖಲೆಯಲ್ಲಿ ಮಾತ್ರ ಉದ್ದನೆಯ ಇಂಗ್ಲಿಷ್ ರೂಪ. ಮೂರರಲ್ಲೂ ಹುಡುಕಿಸಿ. ‘ಲೊಗ್‌ಅನಮ್’ ಎಂಬ ಸರ್ಕಾರಿ ಸ್ಥಳನಾಮ ತಾಣದಲ್ಲಿ ಪ್ರತಿ ಟೌನ್‌ಲ್ಯಾಂಡಿನ ಐರಿಷ್ ಮತ್ತು ಇಂಗ್ಲಿಷ್ ರೂಪಗಳು ಸಿಗುತ್ತವೆ, ಅನೇಕ ಹೆಸರುಗಳಿಗೆ ಹಳೆಯ ಬರಹಗಳಲ್ಲಿ ಬಂದ ಕಾಗುಣಿತಗಳೂ ಇವೆ.

ಸಿವಿಲ್ ಪ್ಯಾರಿಷ್ ಮತ್ತು ಕ್ಯಾಥೊಲಿಕ್ ಪ್ಯಾರಿಷ್ ಒಂದೇ ಎಂದು ಭಾವಿಸುವ ತಪ್ಪೂ ಆಗುತ್ತದೆ. ಭೂದಾಖಲೆ ಇರುವುದು ಸಿವಿಲ್ ಪ್ಯಾರಿಷ್ ಪ್ರಕಾರ. ನಾಮಕರಣ, ಮದುವೆಯ ಚರ್ಚ್ ದಾಖಲೆ ಕ್ಯಾಥೊಲಿಕ್ ಪ್ಯಾರಿಷ್ ಪ್ರಕಾರ. ಎರಡರ ಗಡಿ ಎಷ್ಟೋ ಕಡೆ ಹೊಂದುವುದಿಲ್ಲ.

ಪಟ್ಟಿಯಾದ ಮೇಲೆ ನಕ್ಷೆ. ಆರ್ಡ್ನೆನ್ಸ್ ಸರ್ವೆ ಎಂಬ ಸರ್ಕಾರಿ ಭೂಮಾಪನ 1824ರಲ್ಲಿ ಶುರುವಾಗಿ, ಮೈಲಿಗೆ ಆರು ಅಂಗುಲದ ಅಳತೆಯಲ್ಲಿ ಇಡೀ ಐರ್ಲೆಂಡನ್ನು 1846ರ ಹೊತ್ತಿಗೆ ನಕ್ಷೆಗೆ ಇಳಿಸಿತು. ಡೊನೆಗಾಲ್‌ನ ಸ್ಥಳನಾಮ ವಿಚಾರಿಸಲು ವಿದ್ವಾಂಸ ಜಾನ್ ಒ’ಡೊನೊವನ್ 1835ರಲ್ಲಿ ಊರೂರು ಸುತ್ತಿದ. ಈ ನಕ್ಷೆಯಾದ ಅರ್ಧ ಶತಮಾನದ ಮೇಲೆ ಮೈಲಿಗೆ 25 ಅಂಗುಲದ ಇನ್ನೊಂದು ಸರಣಿ ಬಂತು. ಎರಡನ್ನೂ ತೈಲ್ಚೆ ಏರನ್ ಎಂಬ ಭೂದಾಖಲೆ ಸಂಸ್ಥೆಯ ನಕ್ಷೆ ತಾಣದಲ್ಲಿ ಹಣ ಕೊಡದೆ ನೋಡಬಹುದು. ಒಂದೇ ಜಾಗದ ಎರಡು ನಕ್ಷೆ ಅಕ್ಕಪಕ್ಕ ತೆರೆದಿಟ್ಟುಕೊಂಡು ಮಗಳಿಗೆ ಒಂದೇ ಪ್ರಶ್ನೆ ಕೇಳಿ: ಮನೆಗಳು ಎಲ್ಲಿಗೆ ಹೋದವು?

ಪಶ್ಚಿಮ ಡೊನೆಗಾಲ್‌ನ ಅನೇಕ ಕಡೆ ಹಳೆಯ ನಕ್ಷೆಯಲ್ಲಿ ಕಪ್ಪು ಚುಕ್ಕೆಗಳು ಒಂದೆಡೆ ಮುದ್ದೆಯಾಗಿರುತ್ತವೆ. ಅದು ಕ್ಲಾಹನ್, ಚರ್ಚಿಲ್ಲದ, ಅಂಗಡಿಯಿಲ್ಲದ, ನೆಂಟರಿಷ್ಟರು ಒತ್ತೊತ್ತಾಗಿ ಮನೆ ಕಟ್ಟಿಕೊಂಡ ಗುಂಪು. ಸುತ್ತಲಿನ ಹೊಲ ಎಲ್ಲರಿಗೂ ಪಾಲು. ಈ ವ್ಯವಸ್ಥೆಗೆ ರನ್‌ಡೇಲ್ ಎನ್ನುತ್ತಾರೆ. ಒಳ್ಳೆಯ ನೆಲ, ಸಾಧಾರಣ ನೆಲ, ಜೌಗು ನೆಲ ಹೀಗೆ ವಿಂಗಡಿಸಿ ಪ್ರತಿ ಕುಟುಂಬಕ್ಕೂ ಪ್ರತಿ ಬಗೆಯಲ್ಲೊಂದು ತುಂಡು ಕೊಡುತ್ತಿದ್ದರು. ತುಂಡುಗಳ ನಡುವೆ ಬೇಲಿ ಇರಲಿಲ್ಲ. ಬೇಸಿಗೆಯಲ್ಲಿ ದನಗಳು ಗುಡ್ಡಕ್ಕೆ ಹೋಗುತ್ತಿದ್ದವು. ಕೊಯ್ಲು ಮುಗಿದ ಮೇಲೆ ಕೆಳಗಿಳಿದು ಎಲ್ಲರ ಹೊಲದಲ್ಲೂ ಮೇಯುತ್ತಿದ್ದವು. ಗುಡ್ಡದಲ್ಲಿ ಯಾರು ಎಷ್ಟು ದನ ಬಿಡಬಹುದು ಎಂಬುದಕ್ಕೂ ಲೆಕ್ಕವಿತ್ತು. ನ್ಯಾಯದ ದೃಷ್ಟಿಯಿಂದ ಇದು ಬಹಳ ಯೋಚಿಸಿ ಮಾಡಿದ ಏರ್ಪಾಡು. ಕೆಟ್ಟದ್ದು ಎಲ್ಲಿ ಎಂದರೆ, ಮಕ್ಕಳಿಗೆ ಪಾಲಾಗುತ್ತ ಹೋದಂತೆ ಒಂದು ಕುಟುಂಬದ ನೆಲ ಹತ್ತಿಪ್ಪತ್ತು ಕಡೆ ಚೂರುಚೂರಾಗಿ ಚದುರಿತು. ಅಷ್ಟು ಚಿಕ್ಕ ತುಂಡಿನಲ್ಲಿ ಒಂದು ಸಂಸಾರ ಹೊಟ್ಟೆ ಹೊರೆಯಬಲ್ಲ ಬೆಳೆ ಆಲೂಗಡ್ಡೆ ಒಂದೇ. 1845ರಲ್ಲಿ ಆಲೂಗಡ್ಡೆಗೆ ಕೊಳೆರೋಗ ಬಿದ್ದಾಗ ಹಿಂದೆ ಆಸರೆಯಾಗಿ ಇನ್ನೊಂದು ಬೆಳೆ ಇರಲಿಲ್ಲ.

25 ಅಂಗುಲದ ನಕ್ಷೆಗೆ ಬಂದರೆ ಎಷ್ಟೋ ಕಡೆ ಮುದ್ದೆ ಒಡೆದಿರುತ್ತದೆ. ಮನೆಗಳು ರಸ್ತೆಯುದ್ದಕ್ಕೂ ಒಂಟೊಂಟಿಯಾಗಿ ನಿಂತಿರುತ್ತವೆ. ಪ್ರತಿ ಮನೆಯ ಹಿಂದೆ ಗುಡ್ಡದಿಂದ ಕಡಲಿನವರೆಗೆ ಉದ್ದನೆಯ ಒಂದೇ ಪಟ್ಟೆ. ಜಮೀನ್ದಾರರು, 1891ರ ನಂತರ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ಎಂಬ ಸರ್ಕಾರಿ ಮಂಡಳಿ, ಚೂರುಗಳನ್ನು ಒಟ್ಟುಗೂಡಿಸಿ ಹೀಗೆ ಹಂಚಿದರು. ಬೇಸಾಯಕ್ಕೆ ಅನುಕೂಲವಾಯಿತು, ನಿಜ. ಆದರೆ ಬಾಗಿಲು ತೆರೆದರೆ ಎದುರುಮನೆಯವರ ಮುಖ ಕಾಣುತ್ತಿದ್ದ ಬದುಕು ಅಲ್ಲಿಗೆ ಮುಗಿಯಿತು. ನೀವು ಹೋದಾಗ ‘ಹಳ್ಳಿ ಎಲ್ಲಿ’ ಎನಿಸಿದ್ದಕ್ಕೆ ಕಾರಣ ಇದೇ. ಈ ಪಟ್ಟೆಗಳನ್ನು ಒಂದು ಟೌನ್‌ಲ್ಯಾಂಡಿಗಾದರೂ ಅವಳು ಕೈಯಾರೆ ಬಿಡಿಸಲಿ. ಇಡೀ ಪ್ರಾಜೆಕ್ಟಿನಲ್ಲಿ ಅದಕ್ಕಿಂತ ಒಳ್ಳೆಯ ಪುಟ ಬೇರೊಂದಿರುವುದಿಲ್ಲ.

ನೆಲದ ಮೇಲೂ ಇದರ ಗುರುತು ಉಳಿದಿದೆ. ಗುದ್ದಲಿಯಿಂದ ಮಣ್ಣು ಮಗುಚಿ ಆಲೂಗಡ್ಡೆ ಬೆಳೆಯುತ್ತಿದ್ದ ಏರುಮಡಿಗಳು ಹುಲ್ಲಿನಡಿಯಲ್ಲಿ ಇನ್ನೂ ಇವೆ. ನಡುಮಧ್ಯಾಹ್ನ ಹೋದರೆ ಏನೂ ಕಾಣದು. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ, ಅದರಲ್ಲೂ ಹುಲ್ಲು ಕುಗ್ಗಿದ ಚಳಿಗಾಲದಲ್ಲಿ, ನೆರಳಿನ ಗೆರೆಗಳಾಗಿ ಎದ್ದು ಬರುತ್ತವೆ. ಈಗ ಯಾರೂ ಉಳದ ಎತ್ತರದಲ್ಲೂ ಅವು ಕಂಡರೆ, ಅಲ್ಲಿಯವರೆಗೂ ಜನ ಹತ್ತಿ ಅಗೆಯುವಷ್ಟು ನೆಲದ ಹಸಿವು ಇತ್ತು ಎಂದು ಅರ್ಥ. ಪೋರ್ಟ್ ಎಂಬ ಟೌನ್‌ಲ್ಯಾಂಡ್ ನೋಡಿ ಬನ್ನಿ. ಕಡಲಂಚಿನಲ್ಲಿ ಮಾಡು (ಛಾವಣಿ) ಇಲ್ಲದ ಕಲ್ಲುಗೋಡೆಗಳು ಸಾಲಾಗಿ ನಿಂತಿವೆ.

ಅದು ಖಾಲಿಯಾದದ್ದು ಬರಗಾಲದಿಂದ ಎಂದು ಮಾತ್ರ ಬರೆಯಬೇಡಿ. ಮಕ್ಕಳ ಪ್ರಾಜೆಕ್ಟಿನಲ್ಲಿ ಪ್ರತಿ ಪಾಳುಮನೆಯನ್ನೂ 1845–49ರ ಮಹಾಕ್ಷಾಮದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಅಂಕಿ ನೋಡಿ: ಡೊನೆಗಾಲ್ ಕೌಂಟಿಯಲ್ಲಿ 1841ರಲ್ಲಿ ಸುಮಾರು 2,96,000 ಜನ. ಕ್ಷಾಮ ಕಳೆದ 1851ರಲ್ಲಿ ಸುಮಾರು 2,55,000. 1961ಕ್ಕೆ ಸುಮಾರು 1,14,000. ಕ್ಷಾಮ ಕೊಂದದ್ದು, ಓಡಿಸಿದ್ದು ಭೀಕರವೇ. ಆದರೆ ಊರು ಬರಿದಾದದ್ದು ಅದಾದ ಮೇಲಿನ ನೂರು ವರ್ಷದ ವಲಸೆಯಿಂದ. ಬೇಸಿಗೆಯಲ್ಲಿ ಆಲೂಗಡ್ಡೆ ಕೀಳಲು ಸ್ಕಾಟ್ಲೆಂಡಿಗೆ ಹೋಗುತ್ತಿದ್ದ ಗುಂಪುಗಳಲ್ಲಿ ಹುಡುಗಿಯರೂ ಇದ್ದರು. ಹನ್ನೆರಡು ತುಂಬದ ಮಕ್ಕಳನ್ನು ಸಹ ಆರು ತಿಂಗಳ ಜೀತಕ್ಕೆ ಹಿಡಿಯುತ್ತಿದ್ದ ಸಂತೆಗಳು ಮೇ ಮತ್ತು ನವೆಂಬರಿನಲ್ಲಿ ಲೆಟರ್‌ಕೆನಿ, ಸ್ಟ್ರಬೇನ್‌ಗಳಲ್ಲಿ ಸೇರುತ್ತಿದ್ದವು. ನಿಮ್ಮ ಮಗಳು ಈಗ ಓಡಾಡುವ ಊರಲ್ಲೇ ಅವಳ ವಯಸ್ಸಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೂಲಿ ಚೌಕಾಸಿ ಮಾಡುತ್ತಿದ್ದರು. ಇದನ್ನು ಅವಳು ತಿಳಿಯಲೇಬೇಕು.

ಈಗ ಜನರ ವಿಚಾರ. ಐರ್ಲೆಂಡಿನ ದಾಖಲೆಗಳಲ್ಲಿ ದೊಡ್ಡ ತೂತಿದೆ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಪಬ್ಲಿಕ್ ರೆಕಾರ್ಡ್ ಆಫೀಸ್ ಸ್ಫೋಟವಾಗಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಪಾಲು ಬೂದಿಯಾಯಿತು. 1861, 1871ರ ನಮೂನೆಗಳನ್ನು ಸರ್ಕಾರವೇ ಹಿಂದೆ ನಾಶಮಾಡಿತ್ತು. 1881, 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಪೂರ್ತಿಯಾಗಿ ಉಳಿದ ಹಳೆಯ ಜನಗಣತಿ 1901 ಮತ್ತು 1911ರವು. ನೂರು ವರ್ಷದ ಗೌಪ್ಯತೆಯ ನಿಯಮ ಇರುವುದರಿಂದ 1926ರದರ ಸರದಿ 2026ರ ಏಪ್ರಿಲ್‌ನಲ್ಲಿ.

ಈ ತೂತನ್ನು ತುಂಬಲು ಬಳಸುವುದು ಗ್ರಿಫಿತ್ ಮೌಲ್ಯಮಾಪನ. ತೆರಿಗೆಗಾಗಿ 1847ರಿಂದ 1864ರವರೆಗೆ ಪ್ರತಿ ಟೌನ್‌ಲ್ಯಾಂಡಿನ ಪ್ರತಿ ಹಿಡುವಳಿಯನ್ನೂ ಅಳೆದು, ಹಿಡಿದವನ ಹೆಸರು, ಯಾರಿಂದ ಹಿಡಿದ, ಎಷ್ಟು ನೆಲ, ನೆಲಕ್ಕೆಷ್ಟು ಮನೆಗೆಷ್ಟು ಬೆಲೆ ಎಂದು ಅಚ್ಚು ಹಾಕಿಸಿದರು. ಎಡಗಡೆಯ ಅಂಕಿ ನಕ್ಷೆಯ ತುಂಡನ್ನು ತೋರಿಸುತ್ತದೆ. ಅಂಕಿಯ ಮುಂದಿನ ಚಿಕ್ಕ ಇಂಗ್ಲಿಷ್ ಅಕ್ಷರ ಮನೆಯನ್ನು. ಹಲವು ಹೆಸರುಗಳನ್ನು ಒಂದೇ ಆವರಣ ಚಿಹ್ನೆಯಲ್ಲಿ ಕಟ್ಟಿ ಒಟ್ಟು ವಿಸ್ತೀರ್ಣ ಕೊಟ್ಟಿದ್ದರೆ ಅದು ರನ್‌ಡೇಲ್ ಇನ್ನೂ ನಡೆಯುತ್ತಿದ್ದ ಗುರುತು. ಅಲ್ಲಿ ಒಬ್ಬೊಬ್ಬನ ಎಕರೆ ಹುಡುಕಿ ಪ್ರಯೋಜನವಿಲ್ಲ. ಈ ಪುಸ್ತಕದಲ್ಲಿ ಇರುವುದು ಹಿಡುವಳಿದಾರ ಮಾತ್ರ. ಹೆಂಡತಿ, ಮಕ್ಕಳು, ಅವನ ಮನೆಯಲ್ಲಿದ್ದ ಕೂಲಿಯವರು ಇಲ್ಲ. ಆದ್ದರಿಂದ ಹೆಸರು ಎಣಿಸಿ ‘ಇಷ್ಟು ಜನ ಇದ್ದರು’ ಎನ್ನಲಾಗದು.

ಗ್ರಿಫಿತ್ ನಂತರದ ಬದಲಾವಣೆಗಳನ್ನು ಕೈಬರಹದ ಪುಸ್ತಕಗಳಲ್ಲಿ ತಿದ್ದುತ್ತ ಹೋದರು. ಇವಕ್ಕೆ ಕ್ಯಾನ್ಸಲ್ಡ್ ಬುಕ್ಸ್ ಎನ್ನುತ್ತಾರೆ. ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆಯುವಾಗ ಬೇರೆ ಬಣ್ಣದ ಶಾಯಿ. ಬಲಗಡೆ ಅದೇ ಬಣ್ಣದಲ್ಲಿ ವರ್ಷ. ತಂದೆಯ ಹೆಸರು ಹೋಗಿ ವಿಧವೆಯ ಹೆಸರು, ಆಮೇಲೆ ಮಗನದು, ಕೊನೆಗೆ ‘ಮನೆ ಬಿದ್ದಿದೆ’ ಎಂಬ ಷರಾ ಬರುತ್ತದೆ. ಒಂದು ಕುಟುಂಬ ನೂರು ವರ್ಷದಲ್ಲಿ ಕರಗಿದ್ದು ಒಂದೇ ಸಾಲಿನಲ್ಲಿ ಕಾಣುತ್ತದೆ. ‘ಎಲ್ ಎ ಪಿ’ ಎಂಬ ಮುದ್ರೆ ಬಿದ್ದಿದ್ದರೆ ಭೂಕಾಯ್ದೆಯಡಿ ಆ ಗೇಣಿದಾರ ನೆಲವನ್ನು ಕೊಂಡು ಒಡೆಯನಾದ ಎಂದರ್ಥ. ಒಂದು ಎಚ್ಚರಿಕೆ: ಹೆಸರು ಬದಲಾದ ವರ್ಷವೇ ಸಾವಿನ ವರ್ಷವಲ್ಲ. ಕಚೇರಿಗೆ ಸುದ್ದಿ ಮುಟ್ಟಲು ಹಲವು ವರ್ಷ ತಡವಾಗಿರಬಹುದು. ಸಾವಿನ ನೋಂದಣಿ 1864ರಿಂದ ಇದೆ. ಅದರೊಡನೆ ತಾಳೆ ನೋಡಬೇಕು.

1901 ಮತ್ತು 1911ರ ನಮೂನೆಗಳು ರಾಷ್ಟ್ರೀಯ ಪತ್ರಾಗಾರದ ತಾಣದಲ್ಲಿ ಉಚಿತ. ಕುಟುಂಬದ ಹಾಳೆಯಷ್ಟೇ ನೋಡಿ ಮುಚ್ಚಬೇಡಿ. ಅದರ ಜೊತೆಗೆ ಬಿ-1 ಎಂಬ ಮನೆಗಳ ಹಾಳೆ, ಬಿ-2 ಎಂಬ ಕೊಟ್ಟಿಗೆ ಕಣಜಗಳ ಹಾಳೆ ಇವೆ. ಬಿ-1ರಲ್ಲಿ ಪ್ರತಿ ಮನೆಗೂ ಅಂಕ ಕೊಟ್ಟಿದ್ದಾರೆ: ಕಲ್ಲುಗೋಡೆಗೆ 1, ಮಣ್ಣಿಗೆ 0, ಸ್ಲೇಟು ಮಾಡಿಗೆ 1, ಹುಲ್ಲಿಗೆ 0, ಎರಡರಿಂದ ನಾಲ್ಕು ಕೋಣೆಗೆ 2, ಮುಂಭಾಗದಲ್ಲಿ ಎಷ್ಟು ಕಿಟಕಿಯೋ ಅಷ್ಟು. ಕಲ್ಲುಗೋಡೆ, ಹುಲ್ಲುಮಾಡು, ಮೂರು ಕೋಣೆ, ಎರಡು ಕಿಟಕಿ ಇದ್ದರೆ ಒಟ್ಟು 5, ಮೂರನೇ ದರ್ಜೆ. ಅದೇ ಮನೆಗೆ ಇನ್ನೊಂದು ಕಿಟಕಿ ಇದ್ದರೆ 6, ಎರಡನೇ ದರ್ಜೆ. ದರ್ಜೆ ನೋಡಿ ಬಡವ ಬಲ್ಲಿದ ಎಂದು ತೀರ್ಮಾನಿಸುವ ಮುನ್ನ ಈ ಒಂದು ಕಿಟಕಿಯ ಅಂತರ ನೆನಪಿರಲಿ.

ವಯಸ್ಸಿನ ವಿಚಾರ ಇನ್ನೂ ಸೂಕ್ಷ್ಮ. 1901ರಲ್ಲಿ 56 ಇದ್ದವರು 1911ರಲ್ಲಿ 72 ಆಗಿಬಿಟ್ಟಿರುವುದು ಎಷ್ಟೋ ಮನೆಗಳಲ್ಲಿ ಕಾಣುತ್ತದೆ. 1908ರ ಕಾಯ್ದೆಯಿಂದ 70 ತುಂಬಿದ ಬಡವರಿಗೆ ವೃದ್ಧಾಪ್ಯ ವೇತನ ಬಂತು. 1864ಕ್ಕೆ ಮುಂಚೆ ಹುಟ್ಟಿದವರಿಗೆ ಸರ್ಕಾರಿ ಜನನ ಪತ್ರವೇ ಇರಲಿಲ್ಲ. ಕೆಲವರು ವಯಸ್ಸು ಏರಿಸಿದರು, ಅನೇಕರಿಗೆ ತಮ್ಮ ನಿಜವಾದ ವಯಸ್ಸೇ ಗೊತ್ತಿರಲಿಲ್ಲ. ಎರಡು ಗಣತಿಯಲ್ಲಿ ವಯಸ್ಸು ಹೊಂದಲಿಲ್ಲ ಎಂದು ‘ಇವರು ಬೇರೆಯವರು’ ಎಂದು ಬಿಟ್ಟುಬಿಡಬೇಡಿ. ಮಕ್ಕಳ ಹೆಸರು, ಪಕ್ಕದ ಮನೆಯವರ ಹೆಸರು ಸರಿ ಬಂದರೆ ಅದೇ ಮನೆ.

1911ರ ಹಾಳೆಯಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಪ್ರಶ್ನೆಗಳಿವೆ: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳು ಎಷ್ಟು, ಬದುಕಿರುವವರು ಎಷ್ಟು. ಉದಾಹರಣೆಗೆ ಹುಟ್ಟಿದ್ದು ಹತ್ತು, ಬದುಕಿರುವುದು ಎಂಟು, ಮನೆಯಲ್ಲಿರುವುದು ಮೂರು ಎಂದಿದ್ದರೆ, ಉಳಿದ ಐವರನ್ನು ಹುಡುಕುವುದೇ ಆ ಮನೆಯ ಇತಿಹಾಸ. ಭಾಷೆಯ ಕಾಲಂ ಕೂಡ ಇಲ್ಲಿ ಮುಖ್ಯ: ‘ಐರಿಷ್’, ‘ಐರಿಷ್ ಮತ್ತು ಇಂಗ್ಲಿಷ್’ ಎಂದು ಬರೆದಿರುತ್ತಾರೆ, ಇಂಗ್ಲಿಷ್ ಮಾತ್ರ ಬಲ್ಲವರಿಗೆ ಖಾಲಿ ಬಿಡುತ್ತಿದ್ದರು. ಅಜ್ಜಿಗೆ ಐರಿಷ್, ಅಪ್ಪ ಅಮ್ಮನಿಗೆ ಎರಡೂ, ಮಗುವಿನ ಮುಂದೆ ಖಾಲಿ ಎಂದಿರುವ ಹಾಳೆ ಸಿಕ್ಕರೆ ಭಾಷೆ ಒಂದು ಮನೆಯೊಳಗೆ ಮೂರು ತಲೆಮಾರಿನಲ್ಲಿ ಹೇಗೆ ಕೈತಪ್ಪಿತು ಎಂಬುದಕ್ಕೆ ಬೇರೆ ವಿವರಣೆ ಬೇಡ. ಕೆಲವರು 1911ರಲ್ಲಿ ಪೂರ್ತಿ ಐರಿಷ್‌ನಲ್ಲೇ ನಮೂನೆ ತುಂಬಿದ್ದಾರೆ. ಇಂಗ್ಲಿಷ್ ಹೆಸರಿನಲ್ಲಿ ಹುಡುಕಿದರೆ ಅವರು ಸಿಗುವುದಿಲ್ಲ. ಗಿಲೆಸ್ಪಿ, ಬರ್ನ್, ಕನಿಂಗ್‌ಹ್ಯಾಮ್, ಮೆಗಿನ್ಲಿ ಎಂಬ ಕೆಲವೇ ಮನೆತನದ ಹೆಸರುಗಳು ಮತ್ತೆ ಮತ್ತೆ ಬರುವ ಊರಿದು. ಅಪ್ಪ, ಅಜ್ಜನ ಹೆಸರು ಸೇರಿಸಿ ಗುರುತಿಸುವ ರೂಢಿ ಅಲ್ಲಿದೆ, ಇದು ನಮಗೆ ಹೊಸದೇನಲ್ಲ.

ಮನೆ ಒಳಗಿನಿಂದ ಹೇಗಿತ್ತು ಎಂದು ತಿಳಿಯಲು ಫೋಕ್ ವಿಲೇಜ್‌ಗೆ ಅರ್ಧ ದಿನ ಕೊಡಿ. 1967ರಲ್ಲಿ ತೆರೆದ ಈ ವಸ್ತುಸಂಗ್ರಹಾಲಯದಲ್ಲಿ ಬೇರೆ ಬೇರೆ ಕಾಲದ ಹುಲ್ಲುಮಾಡಿನ ಮನೆಗಳಿವೆ. ಹೊರಗಿನಿಂದ ಮೊದಲು ಸೂರಿನ ಕೆಳಗೆ ನೋಡಿ: ಗೋಡೆಯಿಂದ ಸಾಲಾಗಿ ಕಲ್ಲಿನ ಗೂಟಗಳು ಹೊರಚಾಚಿವೆ. ಮಾಡಿನ ಮೇಲಿಂದ ಹಗ್ಗಗಳು ಇಳಿದು ಈ ಗೂಟಗಳಿಗೆ ಬಿಗಿಯಾಗುತ್ತವೆ; ಅಡ್ಡಡ್ಡಲಾಗಿಯೂ ಹಗ್ಗ ಹಾಯ್ದು ಇಡೀ ಮಾಡು ಬಲೆಯೊಳಗೆ ಸಿಕ್ಕಂತಿರುತ್ತದೆ. ಮಾಡಿನ ನೆತ್ತಿ ಚೂಪಾಗಿರದೆ ದುಂಡಗಿದೆ, ಸೂರು ಗೋಡೆಯಿಂದ ಹೆಚ್ಚು ಹೊರಗೆ ಬಂದಿಲ್ಲ. ಎಲ್ಲವೂ ಅಟ್ಲಾಂಟಿಕ್ ಗಾಳಿಗಾಗಿ. ಗಾಳಿ ಸೂರಿನಡಿ ನುಗ್ಗಿತೆಂದರೆ ಹುಲ್ಲನ್ನು ಕೆಳಗಿನಿಂದ ಎತ್ತಿ ಕಿತ್ತೊಗೆಯುತ್ತದೆ. ಹುಲ್ಲಿನ ಕೆಳಗೆ, ಪಕಾಸುಗಳ ಮೇಲೆ, ಬೇರುಸಮೇತ ಕಿತ್ತ ಹುಲ್ಲುಗಾವಲಿನ ಹೆಂಟೆಯ ಹಾಸು ಇರುತ್ತದೆ, ಬೆಚ್ಚಗಿಡುವುದು ಅದೇ. ಇಂಥ ಮನೆಯಲ್ಲಿ ಒಲೆ ಆರಿದರೆ ಮಾಡು ಬಾಳುವುದಿಲ್ಲ. ಟರ್ಫ್, ಅಂದರೆ ಜೌಗು ನೆಲದಿಂದ ಕೊಯ್ದು ಒಣಗಿಸಿದ ಉರುವಲು, ಅದರ ಬೆಂಕಿಯ ಶಾಖವೂ ಹೊಗೆಯೂ ಒಳಗಿನಿಂದ ಹುಲ್ಲನ್ನು ಒಣಗಿಸುತ್ತಿದ್ದವು. ಜನ ಬಿಟ್ಟುಹೋದ ಮನೆಗಳು ಅಷ್ಟು ಬೇಗ ಕುಸಿದದ್ದಕ್ಕೆ ಇದೂ ಒಂದು ಕಾರಣ.

ಒಳಗೆ ಹೋದರೆ ಒಲೆಯ ಪಕ್ಕದಲ್ಲಿ, ಹಿಂಗೋಡೆ ಸ್ವಲ್ಪ ಹೊರಕ್ಕೆ ಉಬ್ಬಿದ ಕಡೆ, ಒಂದು ಹಾಸಿಗೆಯ ಗೂಡು ಕಾಣಬಹುದು. ಮನೆಯ ಅತಿ ಬೆಚ್ಚಗಿನ ಜಾಗ ಅದು; ಮುದುಕರಿಗೆ ಮೀಸಲು. ಎದುರುಬದುರು ಎರಡು ಬಾಗಿಲು. ಗಾಳಿ ಬೀಸುವ ಕಡೆಯದನ್ನು ಮುಚ್ಚಿ ಇನ್ನೊಂದನ್ನು ತೆರೆಯುತ್ತಿದ್ದರು. ಹಳೆಯ ಬಗೆಯ ಮನೆಯಲ್ಲಿ ನೆಲ ಒಂದು ಕಡೆಗೆ ಇಳಿಜಾರು, ಆ ಕೊನೆಯಲ್ಲಿ ಒಂದೇ ಮಾಡಿನ ಕೆಳಗೆ ದನ. ಚಳಿಗಾಲದಲ್ಲಿ ಹಸುವಿನ ಮೈಬಿಸಿಯೂ ಮನೆಗೆ ಬೇಕಿತ್ತು.

ಇನ್ನು ಸಂತ. ಕೊಲಂಬ ಅಥವಾ ಕೊಲಂ ಕಿಲ್ ಡೊನೆಗಾಲ್‌ನ ಗಾರ್ಟನ್‌ನಲ್ಲಿ ಹುಟ್ಟಿದ ಎನ್ನುತ್ತದೆ ಸಂಪ್ರದಾಯ. 563ರಲ್ಲಿ ಸ್ಕಾಟ್ಲೆಂಡಿನ ಅಯೋನ ದ್ವೀಪಕ್ಕೆ ಹೋದ, 597ರಲ್ಲಿ ತೀರಿಕೊಂಡ. ಅವನು ಈ ಕಣಿವೆಯಲ್ಲಿ ಇದ್ದ ಎನ್ನುವುದು ಜನರ ನಂಬಿಕೆ. ಅದನ್ನು ನಂಬಿಕೆ ಎಂದೇ ಬರೆಯಬೇಕು. ಇಲ್ಲಿನ ಕೆತ್ತನೆಯ ಶಿಲುಬೆಗಲ್ಲುಗಳು ಆದಿ ಮಧ್ಯಯುಗದವು. ಫ್ಯಾರನ್‌ಮ್ಯಾಕ್‌ಬ್ರೈಡ್ ಮತ್ತು ಮಾಲಿನ್ ಮೋರ್‌ನ ಕಲ್ಗೋರಿಗಳು ಇನ್ನೂ ಬಹಳ ಹಳೆಯವು, ಹೊಸ ಶಿಲಾಯುಗದ ಬೇಸಾಯಗಾರರು ಕಟ್ಟಿದವು. ‘5,000 ವರ್ಷದ ಇತಿಹಾಸ’ ಎಂಬ ಮಾತು ಬಂದದ್ದು ಇವುಗಳಿಂದ. ಜೂನ್ 9, ಸಂತನ ಹಬ್ಬ, ಅಂದು ‘ತುರಸ್’ ಎಂಬ ಯಾತ್ರೆ: ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ 15 ನಿಲ್ದಾಣ. ಕಲ್ಲುಗುಪ್ಪೆ, ಶಿಲುಬೆಗಲ್ಲುಗಳಿಗೆ ಬಲಬದಿಯಿಂದ ಸುತ್ತು ಬಂದು ಪ್ರಾರ್ಥಿಸುತ್ತಾರೆ, ಬರಿಗಾಲಲ್ಲಿ ನಡೆಯುವವರೂ ಇದ್ದಾರೆ. ಸಂತನ ಪವಿತ್ರ ಬಾವಿಯ ಬಳಿ ಭಕ್ತರು ತಂದು ಹಾಕಿದ ಕಲ್ಲಿನ ದೊಡ್ಡ ರಾಶಿಯೇ ಇದೆ. ನಿಲ್ದಾಣಗಳು ಖಾಸಗಿ ಹೊಲಗಳಲ್ಲಿವೆ. ಐರ್ಲೆಂಡಿನಲ್ಲಿ ಹೊಲ ದಾಟಿ ನಡೆಯುವ ಹಕ್ಕು ಯಾರಿಗೂ ತಾನಾಗಿ ಇಲ್ಲ. ಕೇಳಿ ಹೋಗಬೇಕು, ದಾಟಿದ ಗೇಟು ಮುಚ್ಚಬೇಕು, ನಾಯಿ ಒಯ್ಯಬಾರದು.

ಪಾದ್ರಿ ಜೇಮ್ಸ್ ಮೆಕ್‌ಡಯರ್ ವಿಚಾರಕ್ಕೆ ಹೆಚ್ಚು ಜಾಗ ಕೊಡಿ, ಆದರೆ ‘ಒಬ್ಬನೇ ಊರು ಉಳಿಸಿದ’ ಎಂಬ ಧಾಟಿ ಬಿಡಿ. ಡೊನೆಗಾಲ್‌ನ ಕಿಲ್‌ರೇನ್‌ನವರಾದ ಅವರು 1951ರಲ್ಲಿ ಇಲ್ಲಿಗೆ ಬಂದಾಗ ಕರೆಂಟಿಲ್ಲ, ನಲ್ಲಿ ನೀರಿಲ್ಲ, ಕೆಲಸವಿಲ್ಲ, ಜನ ಸೇರಲು ಒಂದು ಹಾಲ್ ಇಲ್ಲ. ಮೊದಲು ಹಾಲ್ ಕಟ್ಟಿಸಿದರು, ಊರವರ ಬಿಟ್ಟಿ ದುಡಿಮೆಯಿಂದ. ಸರಿಯಾದ ಆರಂಭ ಅದು. ಸೇರಲು ಜಾಗವಿಲ್ಲದ ಊರಿನಲ್ಲಿ ಯಾವ ಸಹಕಾರಿಯೂ ನಿಲ್ಲದು. ಕರೆಂಟಿನದೂ ಹಾಗೆಯೇ. 1946ರಲ್ಲಿ ಶುರುವಾದ ಗ್ರಾಮೀಣ ವಿದ್ಯುದೀಕರಣದಲ್ಲಿ ಪ್ರದೇಶವಾರು ಎಷ್ಟು ಮನೆಗಳು ಒಪ್ಪಿ ಸಹಿ ಹಾಕುತ್ತವೆ ಎಂಬುದರ ಮೇಲೆ ಸರದಿ ನಿರ್ಧಾರವಾಗುತ್ತಿತ್ತು. ಮನೆಮನೆ ಹತ್ತಿಳಿದು ಒಪ್ಪಿಸುವ ಸ್ಥಳೀಯರಿಲ್ಲದ ಪ್ಯಾರಿಷ್ ಹಿಂದೆ ಬೀಳುತ್ತಿತ್ತು.

1960ರ ದಶಕದಲ್ಲಿ ಐರಿಷ್ ಶುಗರ್ ಕಂಪನಿಯ ಜೊತೆಗೂಡಿ ತರಕಾರಿ ಬೆಳೆದು ಸಂಸ್ಕರಿಸುವ ಸಹಕಾರಿ ಮಾಡಿದರು. ತುಂಡು ಹೊಲ, ಜೌಗು ಮಣ್ಣು, ಉಪ್ಪುಗಾಳಿ; ತರಕಾರಿಯ ಲೆಕ್ಕ ಬಹುಕಾಲ ನಿಲ್ಲಲಿಲ್ಲ, ಮೀನು ಸಂಸ್ಕರಣೆ ಮುಂದೆ ಬಂತು. ಎಲ್ಲರ ನೆಲವನ್ನೂ ಒಟ್ಟುಗೂಡಿಸಿ ಸಾಮುದಾಯಿಕ ಬೇಸಾಯ ಮಾಡಬೇಕೆಂಬ ಅವರ ಯೋಜನೆ ಕೈಗೂಡಲೇ ಇಲ್ಲ. ಹಳೆಯ ಸಾಮೂಹಿಕ ಹಿಡುವಳಿಯಿಂದ ಬಿಡಿಸಿಕೊಂಡು ಎರಡು ಮೂರು ತಲೆಮಾರಿನ ಹಿಂದೆಯಷ್ಟೇ ತಮ್ಮದೆಂಬ ಪಟ್ಟೆ ಪಡೆದವರು ಅದನ್ನು ಮತ್ತೆ ಒಟ್ಟಿಗೆ ಹಾಕಲು ಹಿಂಜರಿದದ್ದರಲ್ಲಿ ಆಶ್ಚರ್ಯವಿಲ್ಲ. ನಿಂತದ್ದು ಫೋಕ್ ವಿಲೇಜ್, ಪ್ರವಾಸಿಗರಿಗೆ ಬಾಡಿಗೆಗೆ ಕಟ್ಟಿದ ಮನೆಗಳು, ಮತ್ತು ‘ನಾವೇ ಮಾಡಬಹುದು’ ಎಂಬ ರೂಢಿ. ಅವರು 1987ರಲ್ಲಿ ತೀರಿಕೊಂಡರು. ಅದಕ್ಕೆ ಮೂರು ವರ್ಷ ಮುಂಚೆ, 1984ರಲ್ಲಿ, ವಯಸ್ಕರಿಗೆ ಐರಿಷ್ ಕಲಿಸುವ ಓಯಿಡಸ್ ಗೇಲ್ ಇಲ್ಲಿ ಶುರುವಾಯಿತು. ಭಾಷೆ ಬಿಟ್ಟರೆ ಹೊಟ್ಟೆ ತುಂಬೀತು ಎಂದು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಹಡಗು ಹತ್ತಿಸಿದ ಊರಿಗೆ ಈಗ ಹೊರದೇಶದವರು ಆ ಭಾಷೆ ಕಲಿಯಲೆಂದೇ ದುಡ್ಡು ಕೊಟ್ಟು ಬರುತ್ತಾರೆ. ನನಗೆ ಇದು ಮೆಕ್‌ಡಯರ್ ಕಥೆಯಷ್ಟೇ ದೊಡ್ಡದು.

ಇಂದಿನ ಜನಜೀವನ ನೋಡಬೇಕಾದರೆ ಕಟ್ಟಡ ನೋಡಬೇಡಿ, ಜನ ಯಾವುದಕ್ಕೆ ಸೇರುತ್ತಾರೆ ನೋಡಿ. ಗೇಲಿಕ್ ಫುಟ್ಬಾಲಿನ ನೇವ್ ಕೊಲಂಬ ಕ್ಲಬ್ ಒಂದು. ಗ್ಲೆನ್‌ಕೊಲಂಕಿಲ್, ನೆರೆಯ ಕ್ಯಾರಿಕ್, ಟೀಲಿನ್ ಎಲ್ಲಕ್ಕೂ ಅದೇ. ಆಗಸ್ಟಿನ ಪಿಟೀಲು ವಾರ ಇನ್ನೊಂದು. ಜೇಮ್ಸ್ ಬರ್ನ್ (1946–2008) ಇದೇ ಕಣಿವೆಯ ಪಿಟೀಲುಗಾರ. ಟರ್ಫ್ ಕೆಲಸ ಮೂರನೆಯದು. ವಸಂತದಲ್ಲಿ ಜೌಗಿನ ಮೇಲ್ಪದರ ಸುಲಿದು, ‘ಸ್ಲಾನ್’ ಎಂಬ ರೆಕ್ಕೆಯುಳ್ಳ ಗುದ್ದಲಿಯಿಂದ ಇಟ್ಟಿಗೆಯಂಥ ತುಂಡು ಕೊಯ್ದು ಹರವುತ್ತಾರೆ. ಹೊಸದಾಗಿ ಕೊಯ್ದ ತುಂಡಿನ ಹತ್ತರಲ್ಲಿ ಒಂಬತ್ತು ಪಾಲು ನೀರು. ಮೇಲ್ಮೈ ಗಟ್ಟಿಯಾದ ಮೇಲೆ ಐದಾರನ್ನು ಒಂದಕ್ಕೊಂದು ಆತು ನಿಲ್ಲಿಸಿ ಗಾಳಿಯಾಡಲು ಬಿಡಬೇಕು. ಬೇಗ ನಿಲ್ಲಿಸಿದರೆ ಮುರಿಯುತ್ತದೆ. ತಡವಾದರೆ ಅಡಿಭಾಗ ನೀರು ಹೀರಿ ಮತ್ತೆ ಮೆತ್ತಗಾಗುತ್ತದೆ. ಇದಕ್ಕೆ ನೆರೆಯವರು ಸರದಿಯಂತೆ ಸೇರುವುದೇ ‘ಮೆಹಲ್’, ನಮ್ಮ ಮುಯ್ಯಾಳಿನಂತೆ. ಈಗ ಹೆಚ್ಚಿನ ಕೊಯ್ಲು ಯಂತ್ರದ್ದು, ನಿಲ್ಲಿಸುವುದು ಮಾತ್ರ ಬಗ್ಗಿದ ಬೆನ್ನಿನದೇ.

ಸಾವಿನ ಮನೆಗೆ ಜನ ಸೇರುವುದು ಇವೆಲ್ಲಕ್ಕಿಂತ ಗಟ್ಟಿ. ಹೈಲ್ಯಾಂಡ್ ರೇಡಿಯೊ ದಿನವೂ ಸಾವಿನ ಸುದ್ದಿ ಓದುತ್ತದೆ. ಪರಿಚಯ ಅಷ್ಟಕ್ಕಷ್ಟೇ ಇದ್ದರೂ ಹೋಗುತ್ತಾರೆ. ನಿಮಗೂ ಒಂದು ದಿನ ಹೋಗಬೇಕಾಗಿ ಬಂದರೆ, ಕೈ ಕುಲುಕಿ ‘ಸಾರಿ ಫಾರ್ ಯುವರ್ ಟ್ರಬಲ್’ ಎಂದರೆ ಸಾಕು, ಚಹಾ ಕೊಟ್ಟರೆ ಕುಡಿದು ಏಳಬಹುದು. ‘ಮನೆಯವರಿಗೆ ಮಾತ್ರ’ ಎಂದು ಪ್ರಕಟಿಸಿದ್ದರೆ ಹೋಗಬಾರದು.

ಕೊನೆಯದಾಗಿ ಮಗಳಿಗೆ ಅತಿ ಇಷ್ಟವಾಗಬಹುದಾದ ದಾಖಲೆ. 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಸುಮಾರು 5,000 ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ ನೋಟ್‌ಬುಕ್ ಕೊಟ್ಟು, ಮನೆಯ ಹಿರಿಯರನ್ನು ಕೇಳಿ ಬರೆಯಿರಿ ಎಂದಿತು. ‘ದೂಖಸ್’ ತಾಣದಲ್ಲಿ ಶಾಲೆಯ ಹೆಸರಿನಿಂದ ತೆರೆದು ಆ ಮಕ್ಕಳ ಕೈಬರಹವನ್ನೇ ಓದಬಹುದು: ಔಷಧಿ, ಆಟ, ಬಿರುಗಾಳಿ, ಹೂತಿಟ್ಟ ನಿಧಿ. ಈ ಭಾಗದ ಬರಹಗಳಲ್ಲಿ ಐರಿಷ್ ಭಾಷೆಯವೂ ಇವೆ. ಶಾಲೆಯ ಐರಿಷ್ ಮೇಷ್ಟ್ರ ನೆರವು ಕೇಳಿ. ಟೀಲಿನ್‌ನಲ್ಲಿ 1913ರಲ್ಲಿ ಹುಟ್ಟಿದ ಶಾನ್ ಒ’ಹೋಹಿ ಇದೇ ಆಯೋಗಕ್ಕೆ ಪೂರ್ಣಾವಧಿ ಸಂಗ್ರಾಹಕರಾಗಿ ದಶಕಗಟ್ಟಲೆ ದುಡಿದರು. ಎಡಿಫೋನ್ ಯಂತ್ರದ ಮೇಣದ ಸಿಲಿಂಡರಿನಲ್ಲಿ ಧ್ವನಿ ಹಿಡಿದು, ಕೂತು ಅಕ್ಷರಕ್ಕಿಳಿಸಿದ ಮೇಲೆ ಮೇಣ ಹೆರೆದು ಅದೇ ಸಿಲಿಂಡರನ್ನು ಮತ್ತೆ ಬಳಸುತ್ತಿದ್ದರು. ಹೀಗಾಗಿ ಬರಹ ಉಳಿದಿದೆ, ಎಷ್ಟೋ ಧ್ವನಿಗಳು ಇಲ್ಲ.

ಅವಳೂ ಊರಿನ ಹಿರಿಯರೊಬ್ಬರನ್ನು ಮಾತಾಡಿಸಲಿ. ‘ಹಿಂದಿನ ಕಾಲ ಹೇಗಿತ್ತು’ ಎಂದು ಕೇಳಿದರೆ ಎರಡು ವಾಕ್ಯಕ್ಕೆ ಮಾತು ಮುಗಿಯುತ್ತದೆ. 25 ಅಂಗುಲದ ನಕ್ಷೆಯ ಪ್ರತಿ ಮುಂದಿಟ್ಟು ‘ಈ ಮನೆಯಲ್ಲಿ ಯಾರಿದ್ದರು, ಈ ಹೊಲಕ್ಕೆ ಏನೆನ್ನುತ್ತಿದ್ದರು’ ಎಂದು ಬೆರಳಿಟ್ಟು ಕೇಳಬೇಕು. ಹೊಲಗಳ ಹೆಸರು ಯಾವ ಸರ್ಕಾರಿ ನಕ್ಷೆಯಲ್ಲೂ ಸರಿಯಾಗಿ ಬಂದಿಲ್ಲ. ಒಂದು ಟೌನ್‌ಲ್ಯಾಂಡಿನ ಹತ್ತು ಹೊಲದ ಹೆಸರು ಬರೆದುಕೊಂಡರೂ ಅದು ಹೊಸ ದಾಖಲೆ. ಧ್ವನಿಮುದ್ರಣಕ್ಕೆ ಮುಂಚೆ ಒಪ್ಪಿಗೆ ಕೇಳಿ. ಬದುಕಿರುವವರ ಹೆಸರು, ಜಮೀನಿನ ವ್ಯಾಜ್ಯ ಪ್ರಾಜೆಕ್ಟಿನಲ್ಲಿ ಬೇಡ. ಸ್ಮಶಾನದ ಕಲ್ಲಿನ ಅಕ್ಷರ ಓದಲು ಸೀಮೆಸುಣ್ಣ, ತಂತಿ ಬ್ರಷ್ಷು ಮುಟ್ಟಿಸಬಾರದು, ಪಕ್ಕದಿಂದ ಟಾರ್ಚ್ ಹಿಡಿದರೆ ಸಾಕು.

ನಿಮ್ಮ ಮನೆಯಿಂದ ಕಣಿವೆ ಸುಮಾರು ನೂರು ಕಿಲೋಮೀಟರ್. ಅದಕ್ಕೆ ಮುಂಚೆ ಹತ್ತಿರದಲ್ಲೇ ಎರಡು ಕಡೆ ಹೋಗಿ: ಲೆಟರ್‌ಕೆನಿಯ ಸೆಂಟ್ರಲ್ ಲೈಬ್ರರಿ, ಮತ್ತು ಲಿಫರ್ಡ್‌ನ ಡೊನೆಗಾಲ್ ಕೌಂಟಿ ಪತ್ರಾಗಾರ. ನಿರ್ಗತಿಕರಿಗೆ ನೆರವು ಕೊಡುತ್ತಿದ್ದ ಬಡವರ ಕಾಯ್ದೆಯ ಮಂಡಳಿಗಳ ನಡಾವಳಿ, ಹಳೆಯ ಶಾಲಾ ದಾಖಲಾತಿ ಪುಸ್ತಕಗಳು ಪತ್ರಾಗಾರದಲ್ಲಿವೆ. ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ, ಯಾವ ಟೌನ್‌ಲ್ಯಾಂಡ್, ಯಾವ ವರ್ಷ ಎಂದು ಹೇಳಿದರೆ ಕಡತ ತೆಗೆದಿಟ್ಟಿರುತ್ತಾರೆ. ಪೆನ್ಸಿಲ್ ಒಯ್ಯಿರಿ, ಇಂಥ ಓದುಕೋಣೆಯಲ್ಲಿ ಪೆನ್ನು ಬಿಡುವುದಿಲ್ಲ.